ದೊಡ್ಡ ಮನೆಯ ಹಿತ್ತಲ ಬಾಗಿಲು: ವಿಕ್ಟೋರಿಯನ್ ಮಹಲಿನೊಳಗೆ ಏನು ನೋಡಬೇಕು?

ಮಗನೋ ಮಗಳೋ ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದರೆ ಅಪ್ಪ ಅಮ್ಮ ಯಾವುದೋ ಒಂದು ಬೇಸಿಗೆಯಲ್ಲಿ ಆರು ತಿಂಗಳ ವೀಸಾ ಹಿಡಿದು ಹೊರಡುವುದು ಈಗ ಮಾಮೂಲಿ. ಲಂಡನ್ನಿನ ಗಡಿಯಾರದ ಗೋಪುರ, ಅರಮನೆ, ಸೇತುವೆ ಎಲ್ಲ ಎರಡು ವಾರದಲ್ಲಿ ಮುಗಿಯುತ್ತವೆ. ಆಮೇಲೆ ಶನಿವಾರ ಬಂತೆಂದರೆ ಮಕ್ಕಳು ಕಾರು ಹತ್ತಿಸಿಕೊಂಡು ಯಾವುದಾದರೂ ಹಳೇ ‘ಮ್ಯಾನ್ಶನ್’ಗೆ ಕರೆದೊಯ್ಯುತ್ತಾರೆ. ಟಿಕೆಟ್ ತೋರಿಸಿ ಒಳಗೆ ಹೋದರೆ ಮಬ್ಬು ಬೆಳಕು, ಹಗ್ಗ ಕಟ್ಟಿದ ಕೋಣೆಗಳು, ಗೋಡೆ ತುಂಬ ಯಾರದೋ ತಾತಂದಿರ ಚಿತ್ರ. ನಾಲ್ಕನೇ ಕೋಣೆಯ ಹೊತ್ತಿಗೆ ಎಲ್ಲವೂ ಒಂದೇ ಥರ ಕಾಣತೊಡಗುತ್ತದೆ.

ನಮ್ಮ ಅತ್ತೆಯೂ ಹಾಗೆ ಹೋಗಿ ಬಂದವರೇ. ಒಂದೂವರೆ ಗಂಟೆ ನಡೆದು ಸುಸ್ತಾಗಿ, ಹೊರಗೆ ಬೆಂಚಿನ ಮೇಲೆ ಕೂತು, ಚಪ್ಪಲಿ ಬಿಚ್ಚಿ ಕಾಲು ನೀವಿಕೊಳ್ಳುತ್ತಾ ಕೇಳಿದ್ದು ಒಂದೇ ಪ್ರಶ್ನೆ: “ಅಲ್ಲಾ, ಇಷ್ಟು ದೊಡ್ಡ ಮನೇನ ದಿನಾ ಗುಡಿಸ್ತಿದ್ದೋರು ಯಾರು?”

ಗೈಡ್ ಪುಸ್ತಕಗಳು ಮೊದಲ ಪುಟದಲ್ಲೇ ಹೇಳಬೇಕಾದದ್ದು ಇದನ್ನೇ, ಆದರೆ ಹೇಳುವುದಿಲ್ಲ. ಈ ಒಂದು ಪ್ರಶ್ನೆ ಹಿಡಿದು ಒಳಗೆ ಹೋದರೆ ವಿಕ್ಟೋರಿಯನ್ ಮಹಲು ಬೇರೆಯೇ ಆಗಿ ಕಾಣುತ್ತದೆ. ಅದು ಚೆಂದದ ಸಾಮಾನು ಜೋಡಿಸಿದ ಮನೆ ಮಾತ್ರ ಅಲ್ಲ. ಕೆಲಸ ನಡೆಯಬೇಕು, ಆದರೆ ನಡೆಯುವುದು ಯಾರ ಕಣ್ಣಿಗೂ ಬೀಳಬಾರದು ಎಂದು ಲೆಕ್ಕ ಹಾಕಿ ಕಟ್ಟಿದ ಒಂದು ಯಂತ್ರ.

ಸುಮ್ನೆ ಮೇಲುಮೇಲಿನ ಮಾತು ಬೇಡ, ಒಂದು ನಿಜವಾದ ಮನೆಯನ್ನೇ ನೋಡೋಣ. ಇಂಗ್ಲೆಂಡಿನ ಉತ್ತರ ತುದಿಯ ನಾರ್ತಂಬರ್‌ಲ್ಯಾಂಡ್ ಜಿಲ್ಲೆಯಲ್ಲಿ, ನ್ಯೂಕಾಸಲ್‌ನಿಂದ ಸುಮಾರು 50 ಕಿ.ಮೀ. ದೂರದಲ್ಲಿ, ರಾತ್‌ಬರಿ ಎಂಬ ಪುಟ್ಟ ಊರಿನ ಪಕ್ಕ ಬಂಡೆಗಳ ನಡುವೆ ನಿಂತಿರುವ ಕ್ರ್ಯಾಗ್‌ಸೈಡ್.

ವಿಕ್ಟೋರಿಯನ್ ಅಂದರೆ ಯಾವ ಕಾಲ?

ವಿಕ್ಟೋರಿಯಾ ರಾಣಿ 1837ರಿಂದ 1901ರವರೆಗೆ ಪಟ್ಟದಲ್ಲಿದ್ದ ಕಾಲ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಮೈಸೂರು ನೇರವಾಗಿ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿದ್ದು, 1881ರಲ್ಲಿ ಮತ್ತೆ ಒಡೆಯರ ಕೈಗೆ ಬಂದದ್ದು ಈ ಅವಧಿಯಲ್ಲೇ.

ಆ ಅರವತ್ತು ಚಿಲ್ಲರೆ ವರ್ಷದಲ್ಲಿ ಇಂಗ್ಲೆಂಡಿನಲ್ಲಿ ದುಡ್ಡಿನ ವಿಳಾಸ ಬದಲಾಯಿತು. ಅದಕ್ಕೆ ಮುಂಚೆ ಶ್ರೀಮಂತ ಅಂದರೆ ಜಮೀನ್ದಾರ. ಈಗ ಕಾರ್ಖಾನೆ, ಗಣಿ, ರೈಲು, ಬ್ಯಾಂಕಿನವರು ಅವರನ್ನು ಮೀರಿಸಿದರು. ಹೊಸದಾಗಿ ದುಡ್ಡು ಕಂಡವರು ಹಳೇ ಜಮೀನ್ದಾರರ ಹಾಗೆ ಹಳ್ಳಿಯಲ್ಲಿ ದೊಡ್ಡ ಮನೆ ಕಟ್ಟಿಸಿದರು. ಕಟ್ಟುವುದೂ ಸುಲಭವಾಗಿತ್ತು. ಗಾಜಿನ ಮೇಲಿನ ತೆರಿಗೆ 1845ರಲ್ಲಿ, ಇಟ್ಟಿಗೆಯ ಮೇಲಿನದು 1850ರಲ್ಲಿ, ಮನೆಯ ಕಿಟಕಿ ಎಣಿಸಿ ಹಾಕುತ್ತಿದ್ದ ತೆರಿಗೆ 1851ರಲ್ಲಿ ರದ್ದಾದವು. ಕಲ್ಲು, ಕಬ್ಬಿಣ ಸಾಗಿಸಲು ರೈಲು ಬಂತು. ಈ ಮನೆಗಳಲ್ಲಿ ಗೋಡೆಯುದ್ದಕ್ಕೂ ದೊಡ್ಡ ದೊಡ್ಡ ಗಾಜಿನ ಕಿಟಕಿ ಕಂಡರೆ, ಅದರ ಹಿಂದೆ ಈ ತೆರಿಗೆಗಳ ಕಥೆಯಿದೆ ಎಂದುಕೊಳ್ಳಿ.

ಹಳೇ ಮನೆ ಅಲ್ಲ, ಹಳೇದರ ಹಾಗೆ ಕಟ್ಟಿದ್ದು

ಮೊದಲ ಸಲ ಹೋದವರು ಮೋಸಹೋಗುವ ಜಾಗ ಇದು. ಕ್ರ್ಯಾಗ್‌ಸೈಡ್ ಹೊರಗಿನಿಂದ ಐನೂರು ವರ್ಷ ಹಳೆಯದರಂತೆ ಕಾಣುತ್ತದೆ. ಚೂಪಾದ ಮಾಡು, ಉದ್ದುದ್ದ ಚಿಮಣಿ, ಬಿಳಿ ಗೋಡೆಯ ಮೇಲೆ ಕಪ್ಪು ಮರದ ಪಟ್ಟಿ. ನಿಜವಾಗಿ ಇಲ್ಲಿ ಮೊದಲು ಎದ್ದದ್ದು 1860ರ ದಶಕದ ಸಾಧಾರಣ ಮನೆ, ರಜಾಕ್ಕೆ ಬಂದು ಮೀನು ಹಿಡಿಯುತ್ತಾ ಇರಲು. 1869ರಿಂದ ರಿಚರ್ಡ್ ನಾರ್ಮನ್ ಶಾ ಎಂಬ ವಾಸ್ತುಶಿಲ್ಪಿ ಅದಕ್ಕೆ ಒಂದೊಂದೇ ಭಾಗ ಸೇರಿಸುತ್ತಾ ಹೋದ. ಸುಮಾರು ಹದಿನೈದು ವರ್ಷ ಕೆಲಸ ನಡೆಯಿತು. ಅದಕ್ಕೇ ಮನೆಗೆ ಒಂದು ಎಡ ಬಲ ಅಂತಿಲ್ಲ. ಮೂರು ತಲೆಮಾರಿನವರು ತಮಗೆ ಬೇಕಾದಂತೆ ಕೋಣೆ ಏರಿಸಿದ ಮನೆಯ ಹಾಗಿದೆ. ಶಾಗೂ ಅದೇ ಬೇಕಿತ್ತು: ಹೊಸ ಮನೆಗೆ ಹಳೇ ವಂಶದ ಕಳೆ.

ಆ ಕಾಲದಲ್ಲಿ ಯಾರೂ ‘ವಿಕ್ಟೋರಿಯನ್ ಶೈಲಿಯಲ್ಲಿ ಕಟ್ಟಿಕೊಡಿ’ ಎಂದು ಕೇಳುತ್ತಿರಲಿಲ್ಲ. ಒಬ್ಬರಿಗೆ ಚರ್ಚಿನಂಥ ಚೂಪು ಕಮಾನು ಬೇಕು, ಇನ್ನೊಬ್ಬರಿಗೆ ಇಟಲಿಯ ಬಂಗಲೆ, ಮತ್ತೊಬ್ಬರಿಗೆ ಕೋಟೆ. ಬೆಂಗಳೂರು ಅರಮನೆಯ ಗೋಪುರ, ಕೋಟೆಯಂಥ ಮೇಲ್ಗೋಡೆ ನೋಡಿದವರಿಗೆ ಈ ಹುಚ್ಚು ಹೊಸದೇನಲ್ಲ. ಅದೂ ಇದೇ ಫ್ಯಾಷನ್ನಿನ ಕೂಸು.

ಒಂದೇ ಸೂರು, ಎರಡು ಮನೆ

ಈಗ ಅತ್ತೆಯ ಪ್ರಶ್ನೆಗೆ ಬರೋಣ.

ನಮ್ಮ ತೊಟ್ಟಿ ಮನೆಯನ್ನು ಒಂದು ಸಲ ಕಣ್ಣ ಮುಂದೆ ತಂದುಕೊಳ್ಳಿ. ನಡುವೆ ತೊಟ್ಟಿ, ಸುತ್ತ ಪಡಸಾಲೆ, ಅದರಾಚೆ ಕೋಣೆಗಳು. ಪಡಸಾಲೆಯಲ್ಲಿ ಕೂತವರಿಗೆ ಅಡುಗೆಮನೆಗೆ ಹೋಗುವವರು, ಬಚ್ಚಲಿನಿಂದ ಬರುವವರು, ಎಲ್ಲರೂ ಕಾಣುತ್ತಾರೆ. ವಿಕ್ಟೋರಿಯನ್ ಮಹಲು ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಒಬ್ಬರಿಗೊಬ್ಬರು ಎದುರಾಗದಂತೆ ನೋಡಿಕೊಳ್ಳುವುದೇ ಪ್ಲಾನಿನ ಮೊದಲ ಲೆಕ್ಕ. ಮನೆಯವರದು ಒಂದು ಸಮುದಾಯ, ಆಳುಗಳದು ಇನ್ನೊಂದು, ನಡುವಿನ ಬಾಗಿಲು ಮುಚ್ಚಿದರೆ ಇಬ್ಬರೂ ತಮ್ಮ ಪಾಡಿಗೆ ತಾವು ಇರಬೇಕು ಎಂಬ ಅರ್ಥದಲ್ಲಿ ರಾಬರ್ಟ್ ಕೆರ್ ಎಂಬ ವಾಸ್ತುಶಿಲ್ಪಿ 1864ರಲ್ಲೇ ಬರೆದಿದ್ದ.

ಆ ಬಾಗಿಲನ್ನು ಇವತ್ತೂ ಹಲವು ಮಹಲುಗಳಲ್ಲಿ ನೋಡಬಹುದು. ಒಂದು ಬದಿಯಲ್ಲಿ ಹೊಳೆಯುವ ಮರ. ಇನ್ನೊಂದು ಬದಿಗೆ ದಪ್ಪ ಹಸಿರು ಉಣ್ಣೆ ಬಟ್ಟೆ ಹೊದಿಸಿ, ಅಂಚಿನುದ್ದಕ್ಕೂ ಹಿತ್ತಾಳೆ ಮೊಳೆ ಹೊಡೆದಿರುತ್ತಾರೆ. ಪಾತ್ರೆಯ ಸದ್ದು, ಮಾತು, ಹುರಿದ ಮಾಂಸದ ವಾಸನೆ ಆಚೆ ದಾಟಬಾರದು ಎಂದು ಹೀಗೆ. ಬಾಗಿಲು ದಾಟಿದರೆ ನೆಲವೇ ಬೇರೆ. ಈಚೆ ಕಾರ್ಪೆಟ್ಟು, ಆಚೆ ಬರೀ ಕಲ್ಲು. ಈಚೆ ಅಗಲವಾದ ಕೆತ್ತನೆಯ ಮೆಟ್ಟಿಲು, ಆಚೆ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕಾದ ಕಿರಿದಾದ ಮೆಟ್ಟಿಲು. ಟೂರಿನಲ್ಲಿ ‘ಹಿಂದಿನ ಮೆಟ್ಟಿಲು’ ತೋರಿಸಿದರೆ ತಪ್ಪದೆ ಹತ್ತಿ ನೋಡಿ. ಬೆಳಗಿನ ಜಾವ ಎದ್ದ ಹುಡುಗಿಯರು ಕಲ್ಲಿದ್ದಲಿನ ಬಕೆಟ್ಟು, ಬಿಸಿನೀರಿನ ಕ್ಯಾನು ಹೊತ್ತು ಹತ್ತುತ್ತಿದ್ದದ್ದು ಇದನ್ನೇ. ಮನೆಯವರು ಕಣ್ಣು ಬಿಡುವಷ್ಟರಲ್ಲಿ ನಿನ್ನೆಯ ಬೂದಿ ತೆಗೆದು, ಕೋಣೆ ಬೆಚ್ಚಗಿಡುವ ಒಲೆ ಉಜ್ಜಿ, ಹೊಸ ಬೆಂಕಿ ಹಾಕಿ, ಕಾಣದಂತೆ ಕೆಳಗೆ ಇಳಿದಿರಬೇಕು.

ಮೇಲಿನವರಿಗೆ ಕೆಳಗಿನವರು ಬೇಕಾದಾಗ? ಅದಕ್ಕೆ ಗಂಟೆ. ಅಡುಗೆಮನೆಯ ಹತ್ತಿರದ ಓಣಿಯಲ್ಲಿ ತಲೆಯ ಮೇಲೆ ಸಾಲಾಗಿ ತೂಗುಹಾಕಿದ ಗಂಟೆಗಳನ್ನು ಎಷ್ಟೋ ಮಹಲುಗಳಲ್ಲಿ ನೋಡಬಹುದು. ಕೋಣೆಯಲ್ಲಿ ಹಿಡಿ ಎಳೆದರೆ, ಗೋಡೆಯೊಳಗೆ ಓಡಿಸಿದ ತಂತಿ ಮೂಲೆ ಮೂಲೆಯಲ್ಲಿ ಸಣ್ಣ ತಿರುಗಣಿಗಳ ಮೇಲೆ ತಿರುಗಿ ಕೆಳಗಿನ ಗಂಟೆಯನ್ನು ಅಲ್ಲಾಡಿಸುತ್ತದೆ. ಒಮ್ಮೆ ಹತ್ತಿರ ನಿಂತು ನೋಡಿ. ಪ್ರತಿ ಗಂಟೆಯೂ ಸುರುಳಿ ಸುತ್ತಿದ ಉಕ್ಕಿನ ಪಟ್ಟಿಯ ತುದಿಯಲ್ಲಿರುತ್ತದೆ. ಸದ್ದು ನಿಂತ ಮೇಲೂ ಆ ಪಟ್ಟಿ ಸ್ವಲ್ಪ ಹೊತ್ತು ತೂಗುತ್ತಲೇ ಇರುತ್ತದೆ. ಕೈಯಲ್ಲಿ ಹಿಟ್ಟು ಮೆತ್ತಿಕೊಂಡು ಒಳಗಿದ್ದವಳು ಓಡಿಬಂದು ಕತ್ತೆತ್ತಿದರೆ ಯಾವುದು ಬಡಿದದ್ದು ಎಂದು ಗೊತ್ತಾಗಲಿ ಅಂತ. ಇವತ್ತಿನ ಮಿಸ್ಡ್ ಕಾಲ್ ಇದ್ದ ಹಾಗೆ.

ಆಳುಗಳಲ್ಲೂ ಮೇಲು ಕೀಳು ಇತ್ತು. ಗಂಡಾಳುಗಳ ಮೇಲೆ ಬಟ್ಲರ್. ಊಟದ ಮೇಜು, ಬೆಳ್ಳಿ ಸಾಮಾನು, ವೈನ್ ಇವನ ಸುಪರ್ದಿ. ಹೆಣ್ಣಾಳುಗಳ ಮೇಲೆ ಹೌಸ್‌ಕೀಪರ್, ಸೊಂಟದಲ್ಲಿ ಬೀಗದ ಕೈ ಗೊಂಚಲು. ಮದುವೆ ಆಗಿರಲಿ ಬಿಡಲಿ, ಈಕೆಯನ್ನು ‘ಮಿಸೆಸ್’ ಎಂದೇ ಕರೆಯಬೇಕು. ಎಲ್ಲಕ್ಕಿಂತ ಕೆಳಗೆ ಪಾತ್ರೆ ತೊಳೆಯುವ ಹುಡುಗಿ. ಗಂಡಾಳನ್ನು ಇಟ್ಟುಕೊಂಡರೆ ಸರ್ಕಾರಕ್ಕೆ ತೆರಿಗೆ ಕಟ್ಟಬೇಕಿತ್ತು, 1777ರಿಂದ 1937ರವರೆಗೂ. ಹಾಗಾಗಿ ಬಾಗಿಲಲ್ಲಿ ಸಮವಸ್ತ್ರ ಹಾಕಿದ ಎತ್ತರದ ಹುಡುಗರಿದ್ದರೆ ಅದು ಕೆಲಸಕ್ಕಿಂತ ಜಾಸ್ತಿ ಜಂಬಕ್ಕೆ. ಕಾರು ಇವತ್ತು ಹೇಗೋ ಹಾಗೆ.

ಮೇಲಿನವರ ಕೋಣೆಗಳಿಗೂ ಇದೇ ಬೇರ್ಪಡಿಸುವ ಗೀಳು. ಡ್ರಾಯಿಂಗ್ ರೂಮ್ ಎಂದರೆ ಚಿತ್ರ ಬರೆಯುವ ಕೋಣೆ ಅಲ್ಲ. ಬ್ಯಾಂಕಿನಲ್ಲಿ ದುಡ್ಡು ‘ವಿತ್‌ಡ್ರಾ’ ಮಾಡುತ್ತೇವಲ್ಲ, ಆ ಪದ. ಊಟದ ಕೋಣೆಯಿಂದ ಎದ್ದು ಈಚೆ ಬಂದು ಕೂರುವ ಜಾಗ. ರಾತ್ರಿ ಊಟವಾದ ಮೇಲೆ ಹೆಂಗಸರು ಇಲ್ಲಿಗೆ ಬರುತ್ತಿದ್ದರು, ಗಂಡಸರು ಮೇಜಿನಲ್ಲೇ ಕುಡಿಯುತ್ತಾ ಕೂರುತ್ತಿದ್ದರು. ಬಿಲಿಯರ್ಡ್ಸ್ ಕೋಣೆ, ಸಿಗರೇಟಿನ ಕೋಣೆ ಗಂಡಸರ ಸಾಮ್ರಾಜ್ಯ. ಬೆಳಗಿನ ಬಿಸಿಲು ಬೀಳುವ ‘ಮಾರ್ನಿಂಗ್ ರೂಮ್’ ಹೆಂಗಸರದು. ಕೋಣೆಯ ಬಣ್ಣ ನೋಡಿಯೇ ಊಹಿಸಬಹುದು. ಗಾಢ ಬಣ್ಣ, ಓಕ್ ಮರ, ಚರ್ಮದ ಕುರ್ಚಿ ಇದ್ದರೆ ಗಂಡಸರ ಕೋಣೆ. ತಿಳಿ ಬಣ್ಣ, ಹೂವಿನ ಬಟ್ಟೆ, ಪಿಯಾನೋ ಇದ್ದರೆ ಹೆಂಗಸರದು.

ಕೆರೆ ಹಚ್ಚಿದ ದೀಪ

ಇಷ್ಟು ಕೆಲಸಕ್ಕೆ ಬೇರೆ ಮಹಲುಗಳು ಆಳುಗಳನ್ನು ಹೆಚ್ಚಿಸಿದವು. ಕ್ರ್ಯಾಗ್‌ಸೈಡ್ ಅದರ ಜೊತೆಗೆ ನೀರನ್ನೂ ಕೆಲಸಕ್ಕೆ ಹಚ್ಚಿತು.

ಮನೆಯ ಯಜಮಾನ ವಿಲಿಯಂ ಆರ್ಮ್‌ಸ್ಟ್ರಾಂಗ್, 1810ರಲ್ಲಿ ನ್ಯೂಕಾಸಲ್‌ನಲ್ಲಿ ಹುಟ್ಟಿದವನು. ಓದಿದ್ದು, ಮೊದಲು ಮಾಡಿದ್ದು ವಕೀಲಿಕೆ. ಹುಚ್ಚು ಮಾತ್ರ ಮೀನು ಹಿಡಿಯುವುದು ಮತ್ತು ನೀರು. ಒಮ್ಮೆ ಮೀನಿಗೆ ಹೋದಾಗ ಕಲ್ಲಿನ ಗಣಿಯ ಪಕ್ಕ ತಿರುಗುತ್ತಿದ್ದ ನೀರಿನ ಚಕ್ರ ಕಣ್ಣಿಗೆ ಬಿತ್ತಂತೆ. ಇಷ್ಟು ನೀರು ಬೆಟ್ಟದಿಂದ ಇಳಿಯುತ್ತಿದೆ, ಅದರ ಬಲದಲ್ಲಿ ಚಕ್ರಕ್ಕೆ ದಕ್ಕುತ್ತಿರುವುದು ಒಂದು ಚೂರು ಮಾತ್ರ ಅಲ್ವಾ ಎಂಬ ಯೋಚನೆ ಆತನನ್ನು ಬಿಡಲಿಲ್ಲ. ಅದರಿಂದ ಹುಟ್ಟಿದ್ದು ನೀರಿನ ಒತ್ತಡದಿಂದ ನಡೆಯುವ ಕ್ರೇನ್. ಅದನ್ನು ತಯಾರಿಸಲು 1847ರಲ್ಲಿ ನ್ಯೂಕಾಸಲ್‌ನ ಎಲ್ಸ್‌ವಿಕ್‌ನಲ್ಲಿ ಕಾರ್ಖಾನೆ ಶುರುವಾಯಿತು. ವಕೀಲಿಕೆಯನ್ನು ಅಲ್ಲಿಗೆ ಬಿಟ್ಟ.

ನೀರಿನ ಒತ್ತಡ ಹೇಗೆ ಭಾರ ಎತ್ತುತ್ತದೆ? ನಿಮ್ಮ ಮನೆಯ ಓವರ್‌ಹೆಡ್ ಟ್ಯಾಂಕ್ ನೆನಪಿಸಿಕೊಳ್ಳಿ. ಮೂರನೇ ಮಹಡಿಯ ನಲ್ಲಿಯಲ್ಲಿ ನೀರು ಸೊರಗಿ ಬರುತ್ತದೆ, ಕೆಳಗಿನ ನಲ್ಲಿಯಲ್ಲಿ ರಭಸ. ಟ್ಯಾಂಕ್ ಎತ್ತರದಲ್ಲಿದ್ದಷ್ಟೂ ಕೆಳಗೆ ಒತ್ತಡ ಜಾಸ್ತಿ. ಪ್ರತಿ 10 ಮೀಟರ್ ಎತ್ತರಕ್ಕೆ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಸುಮಾರು ಒಂದು ಕೆ.ಜಿ. ತೂಕ ಕೂತಂತೆ. ಈಗ ಆ ನೀರನ್ನು 20 ಸೆಂ.ಮೀ. ಅಗಲದ, ಅಂದರೆ ಸಣ್ಣ ತಟ್ಟೆಯಷ್ಟು ಅಗಲದ ಪಿಸ್ಟನ್ ಕೆಳಗೆ ಬಿಟ್ಟರೆ, ಅದು 300 ಕೆ.ಜಿ.ಗೂ ಜಾಸ್ತಿ ಬಲದಿಂದ ಮೇಲೆ ನೂಕುತ್ತದೆ. ಗ್ಯಾರೇಜಿನಲ್ಲಿ ಕಾರು ಎತ್ತುವ ಲಿಫ್ಟ್, ಜೆಸಿಬಿಯ ತೋಳು, ಎರಡರ ಹಿಂದೆಯೂ ಇದೇ ಲೆಕ್ಕ. ಅಲ್ಲಿ ನೀರಿನ ಬದಲು ಎಣ್ಣೆ, ಕೆರೆಯ ಬದಲು ಪಂಪು.

ಆರ್ಮ್‌ಸ್ಟ್ರಾಂಗ್ ಮನೆಯ ಸುತ್ತಿನ ಹಳ್ಳಗಳಿಗೆ ಅಡ್ಡಕಟ್ಟೆ ಹಾಕಿ ಕೆರೆಗಳನ್ನು ಮಾಡಿಸಿದ. ಆ ನೀರಿನಿಂದ ಅಡುಗೆಮನೆಯಲ್ಲಿ ಮಾಂಸ ಸುಡುವ ಸಲಾಕೆ ತಾನಾಗಿ ತಿರುಗುತ್ತಿತ್ತು. ಬೇರೆ ಕಡೆ ಈ ಕೆಲಸಕ್ಕೆ ಒಬ್ಬ ಹುಡುಗ ಬೆಂಕಿಯ ಮುಂದೆ ಗಂಟೆಗಟ್ಟಲೆ ಕೂರಬೇಕಿತ್ತು. ಮನೆಯೊಳಗೆ ನೀರಿನಿಂದ ನಡೆಯುವ ಲಿಫ್ಟ್ ಇತ್ತು. ಅದರ ಮುಖ್ಯ ಪ್ರಯಾಣಿಕ ಯಜಮಾನ ಅಲ್ಲ, ಮಲಗುವ ಕೋಣೆಗಳ ಒಲೆಗೆ ಹೋಗುವ ಕಲ್ಲಿದ್ದಲು. ಲೈಬ್ರರಿಯ ಕೆಳಗೆ ಹಬೆ ಸ್ನಾನದ ಕೋಣೆಗಳು, ಷವರ್, ಮುಳುಗುವ ತಣ್ಣೀರ ತೊಟ್ಟಿ. ಕೋಣೆಯಿಂದ ಕೋಣೆಗೆ ಮಾತಾಡಲು ಟೆಲಿಫೋನ್ ಕೂಡ ಬಂತು.

ಹೆಸರಾಗಿದ್ದು ಮಾತ್ರ ದೀಪದಿಂದ. 1878ರಲ್ಲಿ ಡೆಬ್ಡನ್ ಕೆರೆಯ ನೀರಿನಿಂದ ಟರ್ಬೈನ್ ಎಂಬ ಚಕ್ರ ತಿರುಗಿಸಿ, ಅದಕ್ಕೆ ಡೈನಮೋ ಜೋಡಿಸಿ, ಸುಮಾರು ಒಂದೂವರೆ ಕಿ.ಮೀ. ದೂರದಿಂದ ತಂತಿ ಎಳೆದು ಚಿತ್ರಶಾಲೆಗೆ ದೀಪ ಹಾಕಿದರು. ಡೈನಮೋ ಎಂದರೆ ಹಳೇ ಸೈಕಲ್ಲಿನ ಚಕ್ರಕ್ಕೆ ತಾಗಿ ತಿರುಗುತ್ತಿದ್ದದ್ದೇ, ಇದು ದೊಡ್ಡದು ಅಷ್ಟೆ. ಆದರೆ ಆ ಮೊದಲ ದೀಪ ‘ಆರ್ಕ್’ ದೀಪ. ಎರಡು ಇದ್ದಿಲಿನ ಕಡ್ಡಿಗಳ ನಡುವೆ ಕಿಡಿ ಹಾರಿಸುವಂಥದ್ದು. ವೆಲ್ಡಿಂಗ್ ಅಂಗಡಿಯ ಮುಂದೆ ಹೋಗುವಾಗ ಕಣ್ಣು ಮುಚ್ಚಿಕೊಳ್ಳುತ್ತೇವಲ್ಲ, ಅದೇ ಬೆಳಕು, ಜೊತೆಗೆ ಸಿರ್‌ ಎಂಬ ಸದ್ದು. ಅದರ ಕೆಳಗೆ ಕೂತು ಪುಸ್ತಕ ಓದುವ ಮಾತೇ ಇಲ್ಲ. ಅಲ್ಲೇ ಹತ್ತಿರದ ಗೇಟ್ಸ್‌ಹೆಡ್‌ನಲ್ಲಿದ್ದ ಜೋಸೆಫ್ ಸ್ವಾನ್ ಗಾಜಿನ ಬುರುಡೆಯಿಂದ ಗಾಳಿ ತೆಗೆದು, ಒಳಗೆ ಸಣ್ಣ ಇದ್ದಿಲ ಎಳೆ ಕಾಯಿಸಿ ಹಿತವಾದ ಬೆಳಕು ಬರುವ ಬಲ್ಬ್ ಮಾಡಿದ್ದ. 1880ರಲ್ಲಿ ಆ ಬಲ್ಬುಗಳು ಕ್ರ್ಯಾಗ್‌ಸೈಡ್‌ಗೆ ಬಂದವು, ಒಟ್ಟು 45.

ಲೈಬ್ರರಿಗೆ ಹೋದಾಗ ಹೂದಾನಿಯಂಥ ನಾಲ್ಕು ದೀಪಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ತಾಮ್ರದ ಮೇಲೆ ಬಣ್ಣದ ಎನಾಮಲ್ ಹಾಕಿದ ಹೂದಾನಿಗಳು. ಮೊದಲು ಎಣ್ಣೆ ದೀಪ ಇಡಲು ಬಳಸುತ್ತಿದ್ದವು. ಆಗ ಗೋಡೆಯಲ್ಲಿ ಸ್ವಿಚ್ಚು ಎಂಬುದೇ ಇರಲಿಲ್ಲ. ಆರ್ಮ್‌ಸ್ಟ್ರಾಂಗ್ ಕಂಡುಕೊಂಡ ಉಪಾಯ ಇದು: ಪೀಠದ ನಡುವೆ ಸಣ್ಣ ಬಟ್ಟಲು, ಅದರಲ್ಲಿ ಪಾದರಸ. ಪಾದರಸ ದ್ರವ ಹೌದು, ಲೋಹವೂ ಹೌದು, ಕರೆಂಟು ಹರಿಸುತ್ತದೆ. ಬಲ್ಬಿನಿಂದ ಬಂದ ತಂತಿಯ ತುದಿ ಹೂದಾನಿಯ ತಳದ ತೂತಿನಿಂದ ಹೊರಗೆ ಇಣುಕುತ್ತದೆ. ಹೂದಾನಿಯನ್ನು ಪೀಠದ ಮೇಲೆ ಕೂರಿಸಿದರೆ ತುದಿ ಪಾದರಸದಲ್ಲಿ ಮುಳುಗುತ್ತದೆ, ದೀಪ ಹತ್ತುತ್ತದೆ. ವಾಪಸ್ ಹೋಗುವ ಕರೆಂಟು ಹೂದಾನಿಯ ತಾಮ್ರದ ಮೈಯಲ್ಲೇ ಇಳಿಯುತ್ತದೆ. ದೀಪ ಆರಿಸಬೇಕಾದರೆ ಹೂದಾನಿಯನ್ನೇ ಎತ್ತಬೇಕು. ಇವತ್ತಿನ ಎಲೆಕ್ಟ್ರಿಷಿಯನ್ ಕಂಡರೆ ಎದೆ ಹಿಡಿದುಕೊಳ್ಳುತ್ತಾನೆ. ಪಾದರಸ ವಿಷ, ಮೇಲಾಗಿ ಕರೆಂಟು ಹರಿಯುವ ಹೂದಾನಿಗೇ ಕೈ ಹಾಕಬೇಕು. ಈಗ ಅದನ್ನು ಹಾಗೆ ಬಳಸುವುದಿಲ್ಲ ಬಿಡಿ. 1881ರಲ್ಲಿ ಈ ಏರ್ಪಾಡನ್ನೆಲ್ಲ ವಿವರಿಸಿ ಪತ್ರಿಕೆಯೊಂದಕ್ಕೆ ಬರೆದ ಆರ್ಮ್‌ಸ್ಟ್ರಾಂಗ್, ನಿಜ ಹೇಳಬೇಕೆಂದರೆ ಮನೆಗೆ ದೀಪ ಹಚ್ಚುತ್ತಿರುವುದು ಹಳ್ಳವೇ ಎಂಬರ್ಥದ ಮಾತು ಸೇರಿಸಿದ.

ನೀರಿನ ಕರೆಂಟು ಎಂದ ಕೂಡಲೇ ನಮಗೆ ಶಿವನಸಮುದ್ರ ನೆನಪಾಗುತ್ತದೆ. ಅದು 1902ರಲ್ಲಿ, ಕೋಲಾರದ ಚಿನ್ನದ ಗಣಿಗೆಂದು ಶುರುವಾದದ್ದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಎರಡರಲ್ಲೂ ಕೆಲಸ ಮಾಡಿದ್ದು ಬೀಳುವ ನೀರೇ. ದೂರದಲ್ಲಿ ಮಾತ್ರ ಅಜಗಜಾಂತರ: ಕ್ರ್ಯಾಗ್‌ಸೈಡ್‌ನಲ್ಲಿ ಒಂದೂವರೆ ಕಿ.ಮೀ., ಶಿವನಸಮುದ್ರದಿಂದ ಕೋಲಾರ ಗಣಿಗೆ ಸುಮಾರು 147 ಕಿ.ಮೀ. ಆರ್ಮ್‌ಸ್ಟ್ರಾಂಗ್ ಬಳಸಿದ್ದು ಕಡಿಮೆ ವೋಲ್ಟೇಜಿನ ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟು. ಅದು ದೂರ ಹೋದಷ್ಟೂ ತಂತಿಯಲ್ಲೇ ಶಾಖವಾಗಿ ಸೋರಿಹೋಗುತ್ತದೆ. ದಿಕ್ಕು ಬದಲಿಸುತ್ತಾ ಹರಿಯುವ ಎಸಿ ಕರೆಂಟನ್ನು ಟ್ರಾನ್ಸ್‌ಫಾರ್ಮರಿನಿಂದ ಭಾರೀ ವೋಲ್ಟೇಜಿಗೆ ಏರಿಸಿ ಕಳಿಸಿದರೆ ಸೋರುವುದು ತೀರಾ ಕಡಿಮೆ. ನಡುವಿನ ಇಪ್ಪತ್ತು ಚಿಲ್ಲರೆ ವರ್ಷದಲ್ಲಿ ಆದ ದೊಡ್ಡ ಬದಲಾವಣೆ ಇದು.

ಇಷ್ಟು ದುಡ್ಡು ಎಲ್ಲಿಂದ ಬಂತು?

ಕ್ರೇನಿನಿಂದ ಶುರು, ತೋಪಿನಿಂದ, ಅಂದರೆ ಫಿರಂಗಿಯಿಂದ ಜಾಸ್ತಿ. 1850ರ ದಶಕದಲ್ಲಿ ಆರ್ಮ್‌ಸ್ಟ್ರಾಂಗ್ ಹೊಸ ಥರದ ತೋಪು ತಯಾರಿಸಿ ಬ್ರಿಟಿಷ್ ಸರ್ಕಾರಕ್ಕೆ ಕೊಟ್ಟ, 1859ರಲ್ಲಿ ಸರ್ ಪದವಿ ಬಂತು. ಆಮೇಲೆ ತೋಪು, ಯುದ್ಧನೌಕೆಗಳನ್ನು ಕೊಳ್ಳಲು ದೇಶದೇಶಗಳಿಂದ ಗಿರಾಕಿಗಳು. ಅಮೆರಿಕದ ಅಂತರ್ಯುದ್ಧದಲ್ಲಿ ಎರಡೂ ಪಕ್ಷಕ್ಕೆ ತೋಪು ಮಾರಿದ ಕಂಪನಿ ಇದು. ಲಂಡನ್ನಿನ ಟವರ್ ಬ್ರಿಡ್ಜ್ ಎತ್ತುವ ಯಂತ್ರ ಮಾಡಿಕೊಟ್ಟಿದ್ದೂ ಇದೇ ಕಂಪನಿ.

ಹಾಗಾಗಿ ಕ್ರ್ಯಾಗ್‌ಸೈಡ್‌ನ ದೊಡ್ಡ ಕೋಣೆಗಳು ಒಂದು ರೀತಿಯಲ್ಲಿ ಷೋರೂಮ್. 1884ರ ಆಗಸ್ಟಿನಲ್ಲಿ ರಾಣಿಯ ಮಗ, ಯುವರಾಜ ಎಡ್ವರ್ಡ್ ಹೆಂಡತಿ ಮಕ್ಕಳ ಜೊತೆ ಬಂದಿಳಿದ. ಅವರು ಬರುತ್ತಾರೆಂದೇ ಡ್ರಾಯಿಂಗ್ ರೂಮನ್ನು ಮುಗಿಸಿದ್ದು. ಅಲ್ಲಿನ ಅಮೃತಶಿಲೆಯ ಒಲೆಗೂಡು ಒಂದೇ ಸುಮಾರು 10 ಟನ್ ತೂಗುತ್ತದೆ. ಬೆಂಕಿ ಇರುವುದು ಅಂಗೈಯಗಲ, ಸುತ್ತ ಇರುವುದು ದೇವಸ್ಥಾನದ ಮಹಾದ್ವಾರ. ನನಗೇನೋ ಅದು ಅತಿ ಅನ್ನಿಸುತ್ತದೆ. ಅದಕ್ಕಿಂತ ಊಟದ ಕೋಣೆಯಲ್ಲಿ ಒಲೆಯ ಪಕ್ಕದ ಬೆಂಚು ಚೆಂದ. ಅದೇ ಜಾಗದಲ್ಲಿ ಚಪ್ಪಲಿ ಮೆಟ್ಟಿಕೊಂಡು, ಕಾಲಬಳಿ ನಾಯಿ ಮಲಗಿಸಿಕೊಂಡು ಪೇಪರ್ ಓದುತ್ತಿರುವ ಆರ್ಮ್‌ಸ್ಟ್ರಾಂಗ್‌ನ ಚಿತ್ರ ಇದೆ. ಮುಂದೆ ಪರ್ಷಿಯಾದ ದೊರೆ ಷಾ, ಸಯಾಮಿನ (ಈಗಿನ ಥಾಯ್ಲೆಂಡ್) ರಾಜ ಕೂಡ ಈ ಮನೆಗೆ ಬಂದರು. ಕೆರೆ, ಕಾಡು, ಬೆಳಕು ಎಲ್ಲ ತೋರಿಸಿ ಕಳಿಸಿದ ಮೇಲೆ ಕಾರ್ಖಾನೆಗೆ ಆರ್ಡರ್ ಬರದೆ ಇರುತ್ತದೆಯೇ!

ಮತ್ತೆ ಟಿಕೆಟ್ ಮಾರುವಂತಾಗಿದ್ದು ಯಾಕೆ?

ಮೂರು ಏಟು ಬಿದ್ದವು. 1870ರ ದಶಕದಿಂದ ಅಮೆರಿಕದ ಅಗ್ಗದ ಗೋಧಿ ಹಡಗುಗಳಲ್ಲಿ ಬರತೊಡಗಿ ಜಮೀನಿನ ಗೇಣಿ ಕುಸಿಯಿತು. 1894ರಲ್ಲಿ ಹೊಸ ಮರಣ ತೆರಿಗೆ ಬಂತು, ಯಜಮಾನ ಸತ್ತರೆ ಆಸ್ತಿಯ ಒಂದು ಪಾಲು ಸರ್ಕಾರಕ್ಕೆ. ಮೊದಲಿಗೆ ತೀರಾ ದೊಡ್ಡ ಆಸ್ತಿಗೂ ಶೇ. 8 ಅಷ್ಟೆ. 1949ರ ಹೊತ್ತಿಗೆ ಅದು ಶೇ. 80ಕ್ಕೆ ಏರಿತ್ತು. ಮೂರನೆಯದು ಮೊದಲ ಮಹಾಯುದ್ಧ. ಗಂಡಾಳುಗಳು ಯುದ್ಧಕ್ಕೆ, ಹೆಣ್ಣಾಳುಗಳು ಕಾರ್ಖಾನೆಗೆ ಹೋದರು. ವಾಪಸ್ ಬಂದವರಲ್ಲಿ ಬಹಳ ಜನಕ್ಕೆ ಕಲ್ಲಿದ್ದಲು ಹೊರುವ ಮನಸ್ಸಿರಲಿಲ್ಲ. ಗುಡಿಸುವವರೇ ಇಲ್ಲವೆಂದರೆ ಅಷ್ಟು ದೊಡ್ಡ ಮನೆ ಇಟ್ಟುಕೊಂಡು ಏನು ಮಾಡುವುದು? ನೂರಾರು ಮಹಲುಗಳನ್ನು ಒಡೆದು ಕಲ್ಲು ಮರ ಮಾರಿದರು.

ಉಳಿದವುಗಳಲ್ಲಿ ಹಲವು ನ್ಯಾಷನಲ್ ಟ್ರಸ್ಟ್ ಕೈಗೆ ಬಂದವು. ಇದು ಸರ್ಕಾರದ ಇಲಾಖೆ ಅಲ್ಲ, 1895ರಲ್ಲಿ ಶುರುವಾದ ದತ್ತಿ ಸಂಸ್ಥೆ. ಇಂಗ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ನಲ್ಲಿ ಕೆಲಸ ಮಾಡುತ್ತದೆ, ಸ್ಕಾಟ್‌ಲ್ಯಾಂಡಿಗೆ ಬೇರೆಯೇ ಟ್ರಸ್ಟ್ ಇದೆ. ಆರ್ಮ್‌ಸ್ಟ್ರಾಂಗ್‌ಗೆ ಮಕ್ಕಳಿರಲಿಲ್ಲ. 1900ರಲ್ಲಿ ಆತ ಸತ್ತ ಮೇಲೆ ಮನೆ ಬಂಧುಗಳಿಗೆ ಹೋಯಿತು. ಕೊನೆಗೆ 1977ರಲ್ಲಿ ತೆರಿಗೆಗೆ ಬದಲಾಗಿ ಬಿಟ್ಟುಕೊಟ್ಟು ಟ್ರಸ್ಟಿಗೆ ಸೇರಿ, 1979ರಲ್ಲಿ ಜನರಿಗೆ ತೆರೆಯಿತು. 2014ರಲ್ಲಿ ಅಲ್ಲಿನ ಒಂದು ಕೆರೆಯ ಬಳಿ ಸುಮಾರು 17 ಮೀಟರ್ ಉದ್ದದ ಉಕ್ಕಿನ ತಿರುಪು ಕೂರಿಸಿದ್ದಾರೆ. ನೀರು ಅದರ ಮೇಲೆ ಇಳಿಯುತ್ತಾ ತಿರುಗಿಸಿ ಮತ್ತೆ ಕರೆಂಟು ಮಾಡುತ್ತಿದೆ.

ಒಳಗೆ ಕತ್ತಲೆ ಯಾಕೆ, ಕುರ್ಚಿಯ ಮೇಲೆ ಮುಳ್ಳು ಯಾಕೆ?

ಹಗಲಲ್ಲೂ ಪರದೆ ಎಳೆದಿರುವುದು ಜಿಪುಣತನಕ್ಕೆ ಅಲ್ಲ. ಬೆಳಕು ಬಟ್ಟೆಯ, ಕಾಗದದ ಬಣ್ಣ ತಿನ್ನುತ್ತದೆ, ತಿಂದದ್ದು ವಾಪಸ್ ಬರುವುದಿಲ್ಲ. ರೇಷ್ಮೆ ಸೀರೆಯನ್ನು ನೆರಳಲ್ಲಿ ಒಣಗಿಸಿ, ಬಿಳಿ ಪಂಚೆಯಲ್ಲಿ ಸುತ್ತಿ ಇಡುತ್ತೇವಲ್ಲ, ಅದೇ ಕಾರಣ. ಒಳಗೆ ಹೋದ ಕೂಡಲೇ ಎರಡು ನಿಮಿಷ ಸುಮ್ಮನೆ ನಿಂತರೆ ಕಣ್ಣು ಹೊಂದಿಕೊಳ್ಳುತ್ತದೆ. ಫೋಟೋ ತೆಗೆಯುವಾಗ ಫ್ಲ್ಯಾಷ್ ಬೇಡ. ಬೆನ್ನಿನ ಚೀಲವನ್ನು ಎದೆಗೆ ಹಾಕಿಕೊಳ್ಳಿ ಎಂದರೆ ಅವಮಾನ ಅಂದುಕೊಳ್ಳಬೇಡಿ. ತಿರುಗುವಾಗ ಚೀಲ ತಾಗಿ ಪಿಂಗಾಣಿ ಬೀಳುತ್ತದೆ ಎಂಬ ಭಯ. ಕುರ್ಚಿಗಳ ಮೇಲೆ ಪೈನ್ ಮರದ ಕಾಯಿಯೋ ಒಣಗಿದ ಮುಳ್ಳುಗಿಡದ ತಲೆಯೋ ಕಂಡರೆ ಅದು ಅಲಂಕಾರ ಅಲ್ಲ, ‘ಇಲ್ಲಿ ಕೂರಬೇಡಿ’ ಎಂಬ ಬೋರ್ಡು. ಬೋರ್ಡಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಕೋಣೆಯ ಮೂಲೆಯಲ್ಲಿ ನಿಂತಿರುವ ಹಿರಿಯರು ಕಾವಲಿನವರಲ್ಲ. ಬಹಳ ಜನ ನಿವೃತ್ತರಾದ ಮೇಲೆ ಸಂಬಳವಿಲ್ಲದೆ ಬಂದು ನಿಲ್ಲುವ ಸ್ವಯಂಸೇವಕರು. ಯಾರಾದರೂ ಏನಾದರೂ ಕೇಳಲಿ ಎಂದೇ ಕಾಯುತ್ತಿರುತ್ತಾರೆ. ಸಮಯ ಕಡಿಮೆ ಇದ್ದರೆ ಮಲಗುವ ಕೋಣೆಗಳನ್ನು ಬೇಕಾದರೆ ಬಿಡಿ, ಅಡುಗೆಮನೆ ಬಿಡಬೇಡಿ. ಮನೆ ತೆರೆದಿರುವ ದಿನ, ಹೊತ್ತು ಋತುವಿಗೆ ತಕ್ಕಂತೆ ಬದಲಾಗುತ್ತದೆ, ಹೊರಡುವ ಮೊದಲು ನೋಡಿಕೊಳ್ಳಿ. ಕ್ರ್ಯಾಗ್‌ಸೈಡ್ ಬಂಡೆ ಗುಡ್ಡದ ಮೇಲಿರುವುದರಿಂದ ಹತ್ತಿ ಇಳಿಯುವುದು ಜಾಸ್ತಿ. ಮಂಡಿ ನೋವಿನವರು ಗಟ್ಟಿ ಷೂ ಹಾಕಿಕೊಂಡು, ತೋಟ ಕೆರೆಗಳಿಗೆಂದೇ ಅರ್ಧ ದಿನ ಬೇರೆ ಇಟ್ಟುಕೊಳ್ಳುವುದು ಒಳ್ಳೆಯದು.

ಅತ್ತೆಯನ್ನು ಇನ್ನೊಂದು ಶನಿವಾರ ಬೇರೊಂದು ಮಹಲಿಗೆ ಕರೆದುಕೊಂಡು ಹೋಗಿದ್ದೆವು. ಲೈಬ್ರರಿಯಲ್ಲಿದ್ದ ಅಜ್ಜಿಯೊಬ್ಬರ ಮುಂದೆ ನಿಂತು, “ಕೇಳು, ಈಗ ಯಾರು ಗುಡಿಸ್ತಾರೆ ಅಂತ ಕೇಳು” ಅಂದರು. ನಾನು ಇಂಗ್ಲಿಷಿನಲ್ಲಿ ಕೇಳಿದೆ. ಆಕೆಯ ಮುಖ ಅರಳಿತು. ಚಳಿಗಾಲದಲ್ಲಿ ಕೋಣೆಗಳನ್ನು ಮುಚ್ಚಿ ಒಂದೊಂದೇ ಪುಸ್ತಕ ಕೆಳಗಿಳಿಸುತ್ತಾರಂತೆ. ವ್ಯಾಕ್ಯೂಮ್ ಕ್ಲೀನರಿನ ಬಾಯಿಗೆ ಬಲೆಬಟ್ಟೆ ಕಟ್ಟುತ್ತಾರೆ, ಉದುರಿದ ಚೂರು ಒಳಗೆ ಹೋಗದಿರಲಿ ಅಂತ. ಇನ್ನೊಂದು ಕೈಯಲ್ಲಿ ಕುದುರೆ ಕೂದಲಿನ ಮೆತ್ತನೆ ಬ್ರಷ್ಷು, ಧೂಳನ್ನು ಅತ್ತ ತಳ್ಳಲು. ಮೇಜಿನ ಡ್ರಾಯರಿನಿಂದ ಅಂಥದೊಂದು ಬ್ರಷ್ಷು ತೆಗೆದು ಅತ್ತೆಯ ಕೈಗೂ ಕೊಟ್ಟರು. ಎರಡು ಬೆರಳಗಲ ಇತ್ತು.

ಅತ್ತೆ ಅದನ್ನು ಅಂಗೈ ಮೇಲೆ ಆಡಿಸಿ ನೋಡಿ, ಮಾಡಿನವರೆಗೆ ಏರಿದ್ದ ಪುಸ್ತಕದ ಕಪಾಟುಗಳ ಕಡೆ ಕತ್ತೆತ್ತಿ, “ಇದ್ರಲ್ಲಾ?” ಅಂದರು.